ಎಂಟನೆಯ ಸಾಲು: ಒಂದು ಗಣಿತ ಚಾರ್ಟಿನ ಪ್ರಕರಣ

ಇದು ಮಂಡ್ಯ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ನಡೆದದ್ದು. ಶಾಲೆಯ ಹೆಸರು, ಊರು, ವರ್ಷ, ಹುಡುಗಿಯ ಹೆಸರು ಯಾವುದೂ ಇಲ್ಲಿ ಬರುವುದಿಲ್ಲ. ಗಣಿತದ ಮೇಷ್ಟ್ರು ನಾನೇ. ತಪ್ಪಿನಲ್ಲಿ ನನ್ನ ಪಾಲು ಎಷ್ಟಿತ್ತು ಅನ್ನುವುದನ್ನು ಮಾತ್ರ ಮುಚ್ಚಿಟ್ಟಿಲ್ಲ. ಅದನ್ನು ಬಿಟ್ಟರೆ ಈ ಪ್ರಕರಣದಲ್ಲಿ ಬೇರೆ ಮೇಷ್ಟ್ರುಗಳಿಗೆ ಉಪಯೋಗಕ್ಕೆ ಬರುವಂಥದ್ದು ಜಾಸ್ತಿ ಏನೂ ಉಳಿಯುವುದಿಲ್ಲ. ಸಂಖ್ಯೆಗಳಲ್ಲಿ ಒಂದು ಅಂಕಿಯನ್ನೂ ಬದಲಿಸಿಲ್ಲ. ಅವುಗಳಿಗೆ ಮಾನ ಮರ್ಯಾದೆಯ ಚಿಂತೆ ಇಲ್ಲ, ಅಲ್ವಾ?

ಹಿನ್ನೆಲೆ

ಕ್ಲಾಸಿನ ಮೊದಲ ಐದು ನಿಮಿಷ ನಾನು ಪಾಠ ಮಾಡುವುದಿಲ್ಲ. ಬೋರ್ಡಿನ ಮೇಲೆ ಏನಾದರೊಂದು ಗಮ್ಮತ್ತಿನ ಲೆಕ್ಕ ಬರೆಯುತ್ತೇನೆ. ಆ ವಾರ ಬರೆದದ್ದು ಮಹಾವೀರಾಚಾರ್ಯರ ಲೆಕ್ಕಗಳು. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ನಮ್ಮ ಕನ್ನಡ ನಾಡಿನಲ್ಲೇ ಇದ್ದವರು ಅವರು. ಗಣಿತಸಾರಸಂಗ್ರಹದಲ್ಲಿ ಅವರು ಕೆಲವು ಗುಣಾಕಾರಗಳನ್ನು ಕೊಟ್ಟಿದ್ದಾರೆ. ಅವುಗಳ ಉತ್ತರ ಹೂವಿನ ಹಾರದ ಹಾಗೆ, ಯಾವ ತುದಿಯಿಂದ ಓದಿದರೂ ಒಂದೇ. 12345679ನ್ನು 9ರಿಂದ ಗುಣಿಸಿದರೆ 111111111. 152207ನ್ನು 73ರಿಂದ ಗುಣಿಸಿದರೆ 11111111. ಮಕ್ಕಳು ಹೋ ಅಂದರು. ಬೆಲ್ ಹೊಡೆದ ಮೇಲೆ ಮರೆತರು. ಒಬ್ಬಳು ಮರೆಯಲಿಲ್ಲ.

ಅವಳ ಅಪ್ಪ ಊರಾಚೆ ಆಲೆಮನೆ ನಡೆಸುತ್ತಾರೆ. ಶಾಲೆ ಬಿಟ್ಟ ಮೇಲೆ ಬೆಲ್ಲದ ತೂಕ ಬರೆದುಕೊಳ್ಳುವುದು, ಆಳುಗಳ ಕೂಲಿ ಕೂಡುವುದು ಅವಳ ಕೆಲಸ. ಅದಕ್ಕೆಂದೇ ಅಲ್ಲೊಂದು 12 ಅಂಕಿ ಹಿಡಿಯುವ ದೊಡ್ಡ ಕ್ಯಾಲ್ಕುಲೇಟರ್ ಇದೆ. ಆಲೆಮನೆಯಲ್ಲಿ ಯಾರ ಕೈಯೂ ಅಂಟಿಲ್ಲದೆ ಇರುವುದಿಲ್ಲ. ಹಾಗಾಗಿ ಕ್ಯಾಲ್ಕುಲೇಟರನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಮೇಲಿಂದಲೇ ಒತ್ತುತ್ತಾರೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕ ಬರುವವರೆಗೆ ಬರೆಯಲು ಏನೂ ಇರುವುದಿಲ್ಲ. ಆ ಹೊತ್ತಿನಲ್ಲಿ ಹುಡುಗಿ ಅಂಕಿಗಳ ಜೊತೆ ಆಡುತ್ತಿದ್ದಳು.

ಒಂದು ಸೋಮವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು.

"ಸಾ, ಮೂರು ಮೂರು ಮೂರು ಅಂತ ಬರ್ದು ಕೊನೇಲಿ ಒಂದು ಹಾಕಿದ್ರೆ, ಯಾವುದ್ರಿಂದ್ಲೂ ಭಾಗ ಹೋಗಲ್ಲ ಸಾ."

ನೋಟ್‌ಬುಕ್ಕಿನಲ್ಲಿ 31, 331, 3331, 33331 ಅಂತ ಒಂದರ ಕೆಳಗೆ ಒಂದು ಬರೆದಿದ್ದಳು. ನಾಲ್ಕೂ ಅವಿಭಾಜ್ಯ ಸಂಖ್ಯೆಗಳು. ಅಂದರೆ 1 ಮತ್ತು ಅದೇ ಸಂಖ್ಯೆ ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗ ಹೋಗುವುದಿಲ್ಲ. 333331 ಕೂಡ ಹಾಗೇ ಅಂತ ಅವಳಿಗೆ ಅನುಮಾನ. ನಾನು ಮುಂದಕ್ಕೆ ನೋಡು ಅಂದೆ. ಇದಕ್ಕೆ ಮೊದಲು ನಾನು ಈ ಸರಣಿಯನ್ನು ನೋಡಿರಲಿಲ್ಲ.

ಅವಳು ಮಾಡಿದ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ನೋಡಲು ಅದರ ವರ್ಗಮೂಲದವರೆಗಿನ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು. 3333331ರ ವರ್ಗಮೂಲ ಸುಮಾರು 1825. ಅಷ್ಟರೊಳಗೆ 280 ಚಿಲ್ಲರೆ ಅವಿಭಾಜ್ಯಗಳಿವೆ. 33333331ಕ್ಕೆ 5773ರವರೆಗೆ ಹೋಗಬೇಕು. ಅಲ್ಲಿ 750ಕ್ಕೂ ಜಾಸ್ತಿ. ಹುಡುಗಿ ಹಳೇ ಲೆಕ್ಕದ ಪುಸ್ತಕವೊಂದರಲ್ಲಿ 6000ದವರೆಗೆ ಬರೆದು ಎರಟೋಸ್ತನೀಸನ ಜರಡಿ, ಅಂದರೆ ಅವಿಭಾಜ್ಯಗಳನ್ನು ಸೋಸಿ ತೆಗೆಯುವ ಹಳೇ ಗ್ರೀಕ್ ಉಪಾಯ, ಹಿಡಿದಿದ್ದಳು. ಎರಡರ ಮಗ್ಗಿ ಹೊಡೆ, ಮೂರರ ಮಗ್ಗಿ ಹೊಡೆ, ಐದರದ್ದು ಹೊಡೆ, ಹೀಗೆ. ಕೊನೆಗೆ ಉಳಿದದ್ದು 783 ಸಂಖ್ಯೆ. 6000ದವರೆಗಿನ ಸರಿಯಾದ ಎಣಿಕೆ ಕೂಡ 783. ಒಂದೂ ತಪ್ಪಿರಲಿಲ್ಲ. ಹತ್ತು ರಾತ್ರಿ ಕೂತು, ಪ್ಲಾಸ್ಟಿಕ್ ಕವರಿನ ಮೇಲೆ ಬೆರಳೊತ್ತಿ, 33333331ನ್ನು ಒಂದೊಂದರಿಂದಲೂ ಭಾಗಿಸಿದಳು. ಯಾವುದರಿಂದಲೂ ಹೋಗಲಿಲ್ಲ.

ಏಳಕ್ಕೆ ಏಳೂ ಅವಿಭಾಜ್ಯ. ಇದು ನಿಜ.

ಸಮಸ್ಯೆ ಎಲ್ಲಿ ಹುಟ್ಟಿತು

ಡಿಸೆಂಬರ್ 22, ರಾಮಾನುಜನ್ ಹುಟ್ಟಿದ ದಿನ, ಶಾಲೆಯಲ್ಲಿ ಗಣಿತ ದಿನ. ಹುಡುಗಿ ಚಾರ್ಟ್ ಮಾಡಿದಳು. ಮೇಲೆ ಜರಿ ಅಂಟಿಸಿ ತಲೆಬರಹ: "ಎಂದೂ ಮುಗಿಯದ ಅವಿಭಾಜ್ಯ ಸರಪಳಿ". ಕೆಳಗೆ ಹತ್ತು ಸಾಲು, 31ರಿಂದ ಹಿಡಿದು 11 ಅಂಕಿಯ 33333333331ರವರೆಗೆ. ಮೆಟ್ಟಿಲಿನ ಹಾಗೆ ಕಾಣುತ್ತಿತ್ತು. ಚೆನ್ನಾಗಿತ್ತು ಕೂಡ.

"ಕೊನೇ ಮೂರು ಸಾಲು ನೋಡಿದ್ದೀಯೇನಮ್ಮ?" ಅಂತ ಕೇಳಿದೆ.

"ಒಂಬತ್ತು ಅಂಕಿದಕ್ಕೆ ಹದ್ನೆಂಟು ಸಾವ್ರದವರ್ಗೂ ಹೋಗ್ಬೇಕು ಸಾ. ಎರಡು ಸಾವ್ರಕ್ಕಿಂತ ಜಾಸ್ತಿ ಸಂಖ್ಯೆ. ನನ್ ಪುಸ್ತಕದಲ್ಲಿ ಆರು ಸಾವ್ರದವರ್ಗೆ ಮಾತ್ರ ಇರೋದು."

ಈ ಪ್ರಕರಣದಲ್ಲಿ ನಾನು ತೆಗೆದುಕೊಂಡ ಮೊದಲ ತೀರ್ಮಾನ ಇಲ್ಲಿದೆ. ಬೇಕಾದರೆ ಮೂರು ಸಾಲು ತೆಗೆಸಬಹುದಿತ್ತು. ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಸಬಹುದಿತ್ತು. ನಾನೇ ಹತ್ತು ನಿಮಿಷ ಕೂರಬಹುದಿತ್ತು. ಏನನ್ನೂ ಮಾಡಲಿಲ್ಲ. "ಏಳು ಬಂದಿವೆಯಲ್ಲ, ಇರ್ಲಿ ಬಿಡು" ಅಂದು ಚಾರ್ಟಿನ ಮೂಲೆಯಲ್ಲಿ ಸಹಿ ಹಾಕಿದೆ. ಅರ್ಧವಾರ್ಷಿಕದ ಪೇಪರುಗಳು ಮೇಜಿನ ಮೇಲೆ ಗುಡ್ಡೆ ಬಿದ್ದಿದ್ದವು. ಅದು ನೆಪ ಅಂತ ನನಗೂ ಗೊತ್ತು.

ಹುಡುಗಿ ಯಾಕೆ ನಂಬಿದಳು ಅನ್ನುವುದು ಆಮೇಲೆ ಅವಳನ್ನೇ ಕೇಳಿದಾಗ ತಿಳಿಯಿತು. ಅದು ಬರೀ "ಏಳು ಸಲ ಬಂದಿದೆ" ಅನ್ನುವ ನಂಬಿಕೆಯಲ್ಲ. ಏಳೂ ಸಲ ಅವಳು 7, 11, 13, 17ರಿಂದಲೇ ಭಾಗಿಸಲು ಶುರು ಮಾಡಿದ್ದಳು. ಏಳೂ ಸಲ ಅವು ಏನೂ ಮಾಡಿರಲಿಲ್ಲ. "ಚಿಕ್ಕವು ಇದ್ರ ತಂಟೆಗೆ ಬರಲ್ಲ" ಅಂತ ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಹಾಗಾಗಿ ಒಂಬತ್ತು ಅಂಕಿಯ ಸಂಖ್ಯೆ ಬಂದಾಗ ಅವಳಿಗೆ ಕಂಡದ್ದು ಮುಂದಿದ್ದ 2000 ದೊಡ್ಡ ಭಾಜಕಗಳ ಬೆಟ್ಟ. ಬೆಟ್ಟ ಹತ್ತಲಾಗಲ್ಲ ಅಂತ ಬಾಗಿಲಿಂದ ಆಚೆಗೇ ಕಾಲಿಡಲಿಲ್ಲ. ನನ್ನ ಹಾಗೆ ಸೋಮಾರಿತನದಿಂದ ಬಿಟ್ಟವಳಲ್ಲ ಅವಳು. ಜಾಸ್ತಿ ಕೆಲಸ ಮಾಡಿದ್ದರಿಂದಲೇ ಮೋಸ ಹೋದಳು.

ತಾಲ್ಲೂಕು ಮಟ್ಟದಲ್ಲಿ

ಶಾಲೆಯಲ್ಲಿ ಚಪ್ಪಾಳೆ ಬಿತ್ತು. ಚಾರ್ಟ್ ತಾಲ್ಲೂಕು ಮಟ್ಟದ ಪ್ರದರ್ಶನಕ್ಕೆ ಹೋಯಿತು. ಅಲ್ಲಿ ತೀರ್ಪುಗಾರರಾಗಿ ಬಂದಿದ್ದವರು ಬೇರೆ ಶಾಲೆಯ ಒಬ್ಬ ಹಿರಿಯ ಗಣಿತ ಮೇಷ್ಟ್ರು. ಚಾರ್ಟನ್ನು ಮೇಲಿಂದ ಕೆಳಗೆ ನೋಡಿದರು. ಜೋರು ಮಾತಿನವರಲ್ಲ.

"ಎಲ್ಲೀವರೆಗೆ ಭಾಗಿಸಿ ನೋಡಿದ್ದೀಯವ್ವ?"

"ಎಂಟು ಅಂಕಿವರ್ಗೂ ಸಾ."

"ಒಂಬತ್ತು ಅಂಕಿದು?"

"ಅದೂ ಹಂಗೇ ಬರುತ್ತೆ ಸಾ."

ಅವರು ಜೇಬಿನಿಂದ ಊಟದ ಕೂಪನ್ ತೆಗೆದರು. ಹಿಂದುಗಡೆ ಬರೆಯಲು ಶುರು ಮಾಡಿದರು. 7ರಿಂದ ಭಾಗಿಸಿದರು, ಹೋಗಲಿಲ್ಲ. 11, 13, ಹೋಗಲಿಲ್ಲ. ಆಮೇಲೆ 17. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಹದಿನೇಳೊಂದ್ಲ ಹದಿನೇಳು, 33ರಲ್ಲಿ ಕಳೆದರೆ 16. ಒಂದು 3 ಇಳಿಸಿ 163, ಹದಿನೇಳೊಂಬತ್ಲ 153, ಉಳಿದದ್ದು 10. 103ಕ್ಕೆ 6, ಉಳಿದದ್ದು 1. 13ಕ್ಕೆ ಸೊನ್ನೆ. 133ಕ್ಕೆ 7, ಉಳಿದದ್ದು 14. 143ಕ್ಕೆ 8, ಉಳಿದದ್ದು 7. 73ಕ್ಕೆ 4, ಉಳಿದದ್ದು 5. ಕೊನೆಯ 1 ಇಳಿಸಿದರೆ 51. ಹದಿನೇಳ್ಮೂರ್ಲ ಐವತ್ತೊಂದು. ಶೇಷ ಸೊನ್ನೆ.

333333331 = 17 × 19607843.

ಎರಡು ನಿಮಿಷವೂ ಹಿಡಿದಿರಲಿಲ್ಲ. 17 ಅಂದರೆ ಅವಿಭಾಜ್ಯಗಳ ಸಾಲಿನಲ್ಲಿ ಏಳನೆಯದು. ಎರಡು ಸಾವಿರ ಸಂಖ್ಯೆಗಳ ಬೆಟ್ಟ ಅಂದುಕೊಂಡಿದ್ದೆವಲ್ಲ, ಏಳನೇ ಹೆಜ್ಜೆಗೇ ಮುಗಿದಿತ್ತು. ಅವರು ಕೂಪನ್ ಹುಡುಗಿಯ ಕೈಗೆ ಕೊಟ್ಟು, "ಏಳನೇದರವರೆಗೆ ಮಾಡಿದ ಕೆಲ್ಸ ಬಾಳ ದೊಡ್ಡದು. ಎಂಟನೇದನ್ನ ಇನ್ನೊಂದ್ಸಲ ನೋಡಿ" ಅಂದು ಮುಂದಿನ ಸ್ಟಾಲಿಗೆ ಹೋದರು. ನನ್ನ ಮುಖ ನೋಡಲಿಲ್ಲ. ಚಾರ್ಟಿನ ಮೂಲೆಯ ಸಹಿ ನೋಡಿದ್ದರು.

ಆಮೇಲೆ ಉಳಿದ ಎರಡು ಸಾಲನ್ನೂ ನೋಡಿದೆ. 3333333331 = 673 × 4952947. 33333333331 = 307 × 108577633. ಅಂದರೆ ಕೆಳಗಿನ ಮೂರಕ್ಕೆ ಮೂರೂ ಸಾಲು ತಪ್ಪು. 307, 673 ಎರಡೂ ಅವಳ ಲೆಕ್ಕದ ಪುಸ್ತಕದಲ್ಲೇ ಇದ್ದವು.

ಸಮಾಧಾನ ಹೇಳಲು ಹೋಗಿ ಕೆಟ್ಟದ್ದು

ವಾಪಸು ಬಸ್ಸಿನಲ್ಲಿ ಅವಳು ಚಾರ್ಟನ್ನು ಸುತ್ತಿ ಕಾಲಿನ ಮಧ್ಯೆ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ನಾನು ನನಗೆ ಗೊತ್ತಿದ್ದ ಸಮಾಧಾನ ಶುರು ಮಾಡಿದೆ. 17ನೇ ಶತಮಾನದಲ್ಲಿ ಫರ್ಮಾ ಅಂತ ದೊಡ್ಡ ಗಣಿತಜ್ಞ ಇದ್ದ. ಅವನೂ ಹೀಗೇ ಒಂದು ಸರಪಳಿ ಕಂಡಿದ್ದ. 3, 5, 17, 257, 65537. ಐದೂ ಅವಿಭಾಜ್ಯ. ಮುಂದಿನ 4294967297 ಕೂಡ, ಅದರ ಮುಂದಿನವೂ ಹಾಗೇ ಅಂತ ಅವನು ನಂಬಿದ್ದ. 1732ರಲ್ಲಿ ಆಯ್ಲರ್ ಬಂದು ಅದು 641 × 6700417 ಅಂತ ತೋರಿಸಿದ. ಆಯ್ಲರನ ಹತ್ತಿರವೇ ಇನ್ನೊಂದಿದೆ. ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆ ಕೂಡಿಸಿ 41 ಕೂಡಿಸು. ಸೊನ್ನೆಯಿಂದ 39ರವರೆಗೆ ನಲವತ್ತು ಸಲವೂ ಅವಿಭಾಜ್ಯವೇ ಬರುತ್ತದೆ. 40 ಹಾಕಿದರೆ 1681, ಅದು 41ರ ವರ್ಗ. ನಲವತ್ತು ಸಲ ಬಂದದ್ದೇ ಮುರಿಯುತ್ತದೆ, ಏಳು ಯಾವ ಲೆಕ್ಕ?

ಚೆನ್ನಾಗಿಯೇ ಹೇಳಿದೆ ಅಂದುಕೊಂಡೆ. ಅವಳು ತಿರುಗಿ, "ಅವ್ರಿಗೆ ಯಾರು ನಗಾಡಿದ್ರು ಸಾ? ನಾಳೆ ನಂಗೆ ಕ್ಲಾಸಲ್ಲಿ ನಗಾಡ್ತಾರೆ" ಅಂದಳು.

ಉತ್ತರ ಇರಲಿಲ್ಲ. ಈಗ ಯೋಚಿಸಿದರೆ ಆ ಕಥೆಯಲ್ಲಿ ಇನ್ನೊಂದು ಎಡವಟ್ಟು ಕಾಣುತ್ತದೆ. ನಾನು ಅವಳ ತಪ್ಪನ್ನು ದೊಡ್ಡವರ ತಪ್ಪಿನ ಪಕ್ಕದಲ್ಲಿ ಕೂರಿಸಿದೆ. ನನ್ನ ತಪ್ಪಿನ ಸುದ್ದಿಯನ್ನೇ ಎತ್ತಲಿಲ್ಲ. ಮರುದಿನ ಕ್ಲಾಸಿನಲ್ಲಿ ಅದನ್ನು ಎತ್ತಿದೆ. "ಎಂಟನೇ ಸಾಲನ್ನ ಭಾಗಿಸದೇ ಸಹಿ ಹಾಕಿದ್ದು ನಾನು" ಅಂದೆ. ಮಕ್ಕಳು ನಕ್ಕರು. ನಗು ನನ್ನ ಕಡೆಗೆ ತಿರುಗಿತು. ಅಷ್ಟಾದರೂ ಆಯಿತು.

ತಿರುವು

ಅದೇ ಸಂಜೆ ಅವಳು ಚಾರ್ಟ್ ಹಿಡಿದು ಬಂದಳು. ಹರಿದು ಹಾಕ್ತೀನಿ ಅಂದಳು. ಬೇಡ ಅಂದರೆ ಹರಿಯುತ್ತಿದ್ದಳು, ಅವಳ ಸ್ವಭಾವವೇ ಹಾಗೆ. ನನಗೆ ಆ ಹೊತ್ತಿಗೆ ಹಿಂದಿನ ರಾತ್ರಿಯಿಂದ ತಲೆ ತಿನ್ನುತ್ತಿದ್ದ ಒಂದು ಪ್ರಶ್ನೆ ನೆನಪಾಯಿತು. ಕೇಳಿಬಿಟ್ಟೆ.

"ಹರಿಯೋದಾದ್ರೆ ಹರಿ ಕಣಮ್ಮ. ಅದಕ್ಕೆ ಮೊದ್ಲು ಒಂದು ಹೇಳು. 7 ಯಾಕೆ ಕೈಲಾಗದೆ ಹೋಯ್ತು? 11, 13 ಯಾಕೆ ಸುಮ್ನಿದ್ವು? 17ರ ಕೈಗೇ ಯಾಕೆ ಸಿಕ್ತು?"

ಇದು ಉತ್ತರ ಗೊತ್ತಿದ್ದು ಕೇಳಿದ ಪ್ರಶ್ನೆಯಲ್ಲ. ಅದು ಅವಳಿಗೂ ಗೊತ್ತಾಯಿತು ಅನ್ನಿಸುತ್ತದೆ. ಚಾರ್ಟನ್ನು ಬೀರುವಿನ ಮೇಲೆ ಇಟ್ಟು ಹೋದಳು.

ಐದು ದಿನ ಬಿಟ್ಟು ಬಂದಾಗ ಕೈಯಲ್ಲಿ ಕ್ಯಾಲ್ಕುಲೇಟರ್ ಇರಲಿಲ್ಲ. ಒಂದು ಹಾಳೆ ಮಾತ್ರ. ಅವಳು ಕಂಡುಕೊಂಡದ್ದು ಇದು. ಒಂದು ಸಾಲಿನಿಂದ ಮುಂದಿನ ಸಾಲಿಗೆ ಹೋಗಲು ಸಂಖ್ಯೆಯನ್ನು 10ರಿಂದ ಗುಣಿಸಿ 21 ಕೂಡಿಸಿದರೆ ಸಾಕು. 31 ಹತ್ತಲ 310, ಅದಕ್ಕೆ 21 ಸೇರಿಸಿದರೆ 331. 331 ಹತ್ತಲ 3310, ಅದಕ್ಕೆ 21 ಸೇರಿಸಿದರೆ 3331. ಸಂಖ್ಯೆಗೆ ಮಾಡಿದ್ದನ್ನೇ ಶೇಷಕ್ಕೂ ಮಾಡಬಹುದು. ದೊಡ್ಡ ಸಂಖ್ಯೆ ಮುಟ್ಟುವುದೇ ಬೇಡ.

17ರಿಂದ ನೋಡೋಣ. 31ನ್ನು 17ರಿಂದ ಭಾಗಿಸಿದರೆ ಶೇಷ 14. 14 ಹತ್ತಲ 140, 21 ಸೇರಿಸಿದರೆ 161, 17ರಿಂದ ಭಾಗಿಸಿದರೆ ಶೇಷ 8. 8ಕ್ಕೆ ಅದನ್ನೇ ಮಾಡಿದರೆ 101, ಶೇಷ 16. ಹೀಗೇ ಹೋದರೆ ಎಂಟು ಸಾಲಿನ ಶೇಷಗಳು ಬರುತ್ತವೆ:

14, 8, 16, 11, 12, 5, 3, 0.

ಎಂಟನೆಯದಕ್ಕೆ ಸೊನ್ನೆ. ಊಟದ ಕೂಪನ್ನಿನ ಹಿಂದೆ ಆದದ್ದು ಇಷ್ಟೇ. ಏಳು ಸಾಲಿನಲ್ಲಿ 17 ಸುಮ್ಮನೆ ಇದ್ದದ್ದಲ್ಲ. ಒಂದೊಂದೇ ಹೆಜ್ಜೆ ನಡೆದುಕೊಂಡು ಬರುತ್ತಿತ್ತು.

7ಕ್ಕೆ ಮಾಡಿದರೆ ಶೇಷಗಳು 3, 2, 6, 4, 5, 1, ಮತ್ತೆ 3, 2, 6. ಸುತ್ತುತ್ತಲೇ ಇರುತ್ತದೆ, ಸೊನ್ನೆ ಬರುವುದೇ ಇಲ್ಲ. 11ಕ್ಕೆ 9, 1, 9, 1. 13ಕ್ಕೆ 5, 6, 3, 12, 11, 1, ಮತ್ತೆ 5. ಇಲ್ಲೂ ಸೊನ್ನೆ ಇಲ್ಲ. 2, 3, 5 ಮೊದಲೇ ಹೊರಗೆ. ಕೊನೆಯ ಅಂಕಿ 1 ಆದ್ದರಿಂದ 2, 5 ಆಗುವುದಿಲ್ಲ. ಅಂಕಿಗಳನ್ನು ಕೂಡಿದರೆ ಯಾವಾಗಲೂ ಮೂರರ ಮಗ್ಗಿಗಿಂತ ಒಂದು ಜಾಸ್ತಿ, ಹಾಗಾಗಿ 3 ಕೂಡ ಆಗುವುದಿಲ್ಲ. ಅಂದರೆ ಸರಪಳಿ ಎಷ್ಟೇ ಉದ್ದ ಬೆಳೆದರೂ ಈ ಆರು ಸಂಖ್ಯೆಗಳು ಅದನ್ನು ಎಂದೂ ಮುಟ್ಟಲಾರವು. ಮುಟ್ಟಬಲ್ಲ ಮೊದಲನೆಯದೇ 17. "ಚಿಕ್ಕವು ತಂಟೆಗೆ ಬರಲ್ಲ" ಅಂತ ಅವಳಿಗೆ ಅನಿಸಿದ್ದು ಸುಳ್ಳಲ್ಲ. 13ರವರೆಗೆ ಅದು ಪೂರ್ತಿ ಸತ್ಯ. ಒಂದೇ ಒಂದು ಹೆಜ್ಜೆ ಮುಂದಕ್ಕೆ ಎಳೆದದ್ದು ತಪ್ಪಾಯಿತು.

ಇಲ್ಲಿಗೇ ನಿಂತಿದ್ದರೂ ನಾನು ಇದನ್ನು ಬರೆಯುತ್ತಿದ್ದೆ. ಅವಳು ನಿಲ್ಲಲಿಲ್ಲ. ಹಾಳೆ ತಿರುಗಿಸಿದಳು. ಹಿಂದುಗಡೆ 31ರಿಂದಲೇ ಭಾಗಿಸಿದ್ದಳು. ಸರಪಳಿಯ ಮೊದಲನೇ ಕೊಂಡಿಯಿಂದ!

0, 21, 14, 6, 19, 25, 23, 3, 20, 4, 30, 11, 7, 29, 1, 0.

ಮೊದಲನೆಯ ಸೊನ್ನೆ 31ರದ್ದೇ, ಎರಡು ಅಂಕಿಯದು. ಹದಿನಾರು ಅಂಕಿಯ ಸಂಖ್ಯೆಗೆ ಶೇಷ 1. 1 ಹತ್ತಲ 10, ಅದಕ್ಕೆ 21 ಸೇರಿದರೆ 31. ಶೇಷ ಸೊನ್ನೆ. ಅಂದರೆ 17 ಅಂಕಿಯ ಸಂಖ್ಯೆಗೆ 31ರಿಂದ ಭಾಗ ಹೋಗುತ್ತದೆ.

"ಸಾ, ಇದು ಗಾಣದ ಎತ್ತು. ಎಲ್ಲಿ ಹೊರಟ್ರೂ ಹೊರಟ ಜಾಗಕ್ಕೇ ಬರ್ಬೇಕು. 17 ಬಂದು ಮುರೀದೇ ಇದ್ರೂ 31ನೇ ಬಂದು ಮುರೀತಿತ್ತು."

ಈಗಿನ ಆಲೆಮನೆಯಲ್ಲಿ ಮೋಟಾರು, ಎತ್ತು ಇಲ್ಲ. ಮಾತು ಉಳಿದಿದೆ. ಆ ಮಾತು ಗಣಿತದಲ್ಲೂ ಸರಿಯೇ. 31ರಿಂದ ಭಾಗಿಸಿದರೆ ಬರಬಹುದಾದ ಶೇಷಗಳು 31 ಮಾತ್ರ. ಆದ್ದರಿಂದ ಯಾವುದೋ ಒಂದು ಶೇಷ ಮತ್ತೆ ಬರಲೇಬೇಕು. ಸೊನ್ನೆಯನ್ನು ಬಿಟ್ಟು ನಡುವೆ ಎಲ್ಲೋ ಸುತ್ತತೊಡಗಿದರೆ ಅಂತ ಕೇಳಬಹುದು, ನಾನೂ ಕೇಳಿದೆ. ಹಾಗಾಗುವುದಿಲ್ಲ. ಹಾಗಾಗಬೇಕಾದರೆ ಎರಡು ಬೇರೆ ಬೇರೆ ಶೇಷಗಳು ಮುಂದಿನ ಹೆಜ್ಜೆಯಲ್ಲಿ ಒಂದೇ ಶೇಷಕ್ಕೆ ಬಂದು ಸೇರಬೇಕು. ಆಗ ಅವುಗಳ ವ್ಯತ್ಯಾಸದ ಹತ್ತರಷ್ಟಕ್ಕೆ 31ರಿಂದ ಭಾಗ ಹೋಗಬೇಕು. ವ್ಯತ್ಯಾಸವೇ 31ಕ್ಕಿಂತ ಚಿಕ್ಕದು, 31 ಅವಿಭಾಜ್ಯ, 10ರಲ್ಲಿ ಅದಕ್ಕೆ ಪಾಲಿಲ್ಲ. ಹಾಗಾಗಿ ದಾರಿ ಎಲ್ಲೂ ಕೂಡುವುದಿಲ್ಲ, ಎತ್ತು ಹೊರಟ ಗೂಟಕ್ಕೇ ಬರುತ್ತದೆ. 331, 3331 ಎಲ್ಲದಕ್ಕೂ ಇದೇ ಗತಿ. ಸರಪಳಿಯ ಒಂದೊಂದು ಅವಿಭಾಜ್ಯವೂ ಮುಂದೆಲ್ಲೋ ಇನ್ನೊಂದು ಕೊಂಡಿಯನ್ನು ಮುರಿಯುತ್ತದೆ. ಒಂದು ಸಲವಲ್ಲ, ಮತ್ತೆ ಮತ್ತೆ. "ಎಂದೂ ಮುಗಿಯದ" ಅನ್ನುವ ತಲೆಬರಹ ಮೊದಲ ಕೊಂಡಿಯಲ್ಲೇ ಸುಳ್ಳಾಗಿತ್ತು.

ನಾನು ಖಾತ್ರಿ ಮಾಡಿಕೊಳ್ಳೋಣ ಅಂತ ಆ 17 ಅಂಕಿಯ ಸಂಖ್ಯೆಯನ್ನು ಲ್ಯಾಪ್‌ಟಾಪಿನ ಸ್ಪ್ರೆಡ್‌ಶೀಟಿನಲ್ಲಿ ಹಾಕಿದೆ. 33333333333333331 ಅಂತ ಒತ್ತಿ ಎಂಟರ್ ಕೊಟ್ಟರೆ ತೋರಿಸಿದ್ದು 33333333333333300. ಕೊನೆಯ 31 ಮಾಯ! ಅದು 15 ಅಂಕಿ ಮಾತ್ರ ಇಟ್ಟುಕೊಂಡು ಉಳಿದದ್ದಕ್ಕೆ ಸೊನ್ನೆ ತುಂಬಿಸುತ್ತದೆ. ದುಡ್ಡಿನ ಲೆಕ್ಕಕ್ಕೆ ಅದರಿಂದ ಏನೂ ತೊಂದರೆ ಇಲ್ಲ. ಒಂದು ಅಂಕಿ ಆಚೀಚೆ ಆದರೆ ಜಾತಿಯೇ ಬದಲಾಗುವ ಇಂಥ ಲೆಕ್ಕಕ್ಕೆ ಮಾತ್ರ ಆಗದು. ಕೊನೆಗೆ ಬೋರ್ಡಿನ ಮೇಲೆ ಕೈಯಿಂದಲೇ ಭಾಗಿಸಿದೆವು. ಭಾಗಲಬ್ಧ 1075268817204301, ಶೇಷ ಸೊನ್ನೆ. ಹಾಳೆ ಸರಿ, ಲ್ಯಾಪ್‌ಟಾಪ್ ತಪ್ಪು.

ಇದಾದ ಮೇಲೆ ನಾನು ಬದಲಿಸಿಕೊಂಡದ್ದು

ಮಕ್ಕಳ ಕೆಲಸಕ್ಕೆ ಸಹಿ ಹಾಕುವ ಮುಂಚೆ ಈಗ ಒಂದು ಗೆರೆ ಎಳೆಸುತ್ತೇನೆ. ಗೆರೆಯ ಮೇಲಿರುವುದು ನೋಡಿದ್ದು, ಕೆಳಗಿರುವುದು ಅಂದುಕೊಂಡದ್ದು. ಆ ಚಾರ್ಟಿನಲ್ಲಿ ಏಳನೇ ಸಾಲಿನ ಕೆಳಗೆ ಒಂದು ಗೆರೆ ಇದ್ದಿದ್ದರೆ ತೀರ್ಪುಗಾರರ ಮುಂದೆ ಅವಳು ತಲೆ ತಗ್ಗಿಸಬೇಕಾಗಿರಲಿಲ್ಲ.

ಇನ್ನೊಂದು, ಅವಿಭಾಜ್ಯ ಅಂತ ತೋರಿಸುವುದಕ್ಕೂ ಅಲ್ಲ ಅಂತ ತೋರಿಸುವುದಕ್ಕೂ ಇರುವ ಅಂತರವನ್ನು ಕ್ಲಾಸಿನಲ್ಲಿ ಒತ್ತಿ ಹೇಳುತ್ತೇನೆ. ಹೌದು ಅನ್ನಲು 750 ಭಾಗಾಕಾರ ಬೇಕಾಯಿತು. ಅಲ್ಲ ಅನ್ನಲು ಒಂದು ಸಾಕಾಯಿತು. ದೊಡ್ಡ ಕೆಲಸ ಕಂಡು ಹೆದರಿದಾಗಲೂ ಅದರ ಮೊದಲ ಹತ್ತು ಹೆಜ್ಜೆ ಅಗ್ಗವೇ. ಅಷ್ಟನ್ನಾದರೂ ಮಾಡಿ ನೋಡಿ ಅನ್ನುತ್ತೇನೆ. ಪಾಸಾದ ಮಕ್ಕಳು ಇದನ್ನು ಮರೆಯುತ್ತಾರೋ ಏನೋ, 17ನ್ನಂತೂ ನಮ್ಮ ಶಾಲೆಯಲ್ಲಿ ಯಾರೂ ಮರೆಯುವುದಿಲ್ಲ.

ತಪ್ಪಾದ ದಿನವೇ ಸಮಾಧಾನ ಹೇಳುವುದನ್ನೂ ಬಿಟ್ಟಿದ್ದೇನೆ. ಆ ಬಸ್ಸಿನಲ್ಲಿ ನಾನು ಸುಮ್ಮನೆ ಕೂತಿದ್ದರೆ ಚೆನ್ನಾಗಿತ್ತು. ಅವಳಿಗೆ ಬೇಕಿದ್ದದ್ದು ಕಥೆಯಲ್ಲ. ಮಾಡಲು ಇನ್ನೊಂದು ಲೆಕ್ಕ ಬೇಕಿತ್ತು, ಅದೂ ಮೇಷ್ಟ್ರಿಗೂ ಉತ್ತರ ಗೊತ್ತಿಲ್ಲದ ಲೆಕ್ಕ. ಇದು ಎಲ್ಲ ಮಕ್ಕಳಿಗೂ ಒಪ್ಪುತ್ತದೆ ಅಂತ ನಾನು ಹೇಳಲಾರೆ. ಅವಳಿಗೆ ಒಪ್ಪಿತು.

ಚಾರ್ಟಿನ ಈಗಿನ ಸ್ಥಿತಿ

ಚಾರ್ಟ್ ಹರಿಯಲಿಲ್ಲ. ತಲೆಬರಹದ "ಎಂದೂ ಮುಗಿಯದ" ಅನ್ನುವುದರ ಮೇಲೆ ಕೆಂಪು ಗೀಟು ಎಳೆದಳು. ಕೆಳಗೆ ಇನ್ನೊಂದು ಹಾಳೆ ಅಂಟಿಸಿ ಸಾಲುಗಳನ್ನು ಮುಂದುವರಿಸಿದಳು. ಎಂಟನೆಯದರ ಮುಂದೆ 17, ಒಂಬತ್ತನೆಯದರ ಮುಂದೆ 673, ಹತ್ತನೆಯದರ ಮುಂದೆ 307. ಹನ್ನೆರಡು ಅಂಕಿಯದರ ಮುಂದೆ 19. ಹದಿನೇಳು ಅಂಕಿಯದರ ಮುಂದೆ 31, ಅದಕ್ಕೆ ಮಾತ್ರ ಸುತ್ತ ಒಂದು ಹೂವು.

ಹದಿನೆಂಟು ಅಂಕಿಯದನ್ನು ಅವಳು ಶೇಷದ ಉಪಾಯದಿಂದ ನೂರರವರೆಗಿನ ಅವಿಭಾಜ್ಯಗಳಿಂದ ನೋಡಿದಳು. ಯಾವುದರಿಂದಲೂ ಹೋಗಲಿಲ್ಲ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅದರ ವರ್ಗಮೂಲ 57 ಕೋಟಿ 73 ಲಕ್ಷದ ಮೇಲೆ. ಅವನು ನಾಲ್ಕು ಸಾಲಿನ ಪ್ರೋಗ್ರಾಂ ಬರೆದು ರಾತ್ರಿ ಹಾಕಿ ಮಲಗಿದ. ಬೆಳಿಗ್ಗೆ ಮೆಸೇಜು: "ಮಾಮ, ಇದು ಅವಿಭಾಜ್ಯ."

ಹದಿನೇಳು 3, ಕೊನೆಗೆ ಒಂದು 1. 333333333333333331. ಒಂಬತ್ತು ಅಂಕಿಯಿಂದ ಹದಿನೇಳು ಅಂಕಿಯವರೆಗೆ ಒಂಬತ್ತು ಸಂಖ್ಯೆಗಳು ಒಂದರ ಹಿಂದೊಂದು ಬಿದ್ದವು. ಹದಿನೆಂಟು ಅಂಕಿಯದು ನಿಂತಿತು. ಮೆಸೇಜು ತೋರಿಸಿದಾಗ ಅವಳು ಫೋನನ್ನು ಒಂದು ನಿಮಿಷ ನೋಡಿದಳು. "ಭಾಗಿಸದೇನೇ ಗೊತ್ತು ಮಾಡೋಕೆ ಆಗಲ್ವಾ ಸಾ?" ಅಂದಳು. ಆಗುತ್ತದೆ ಅಂದೆ. 2002ರಲ್ಲಿ ಕಾನ್ಪುರದ ಐಐಟಿಯಲ್ಲಿ ಮಣೀಂದ್ರ ಅಗ್ರವಾಲ್ ಎಂಬ ಮೇಷ್ಟ್ರು ಮತ್ತು ನೀರಜ್ ಕಯಾಲ್, ನಿತಿನ್ ಸಕ್ಸೇನಾ ಎಂಬ ಇಬ್ಬರು ಶಿಷ್ಯರು ಅದಕ್ಕೊಂದು ದಾರಿ ಕೊಟ್ಟಿದ್ದಾರೆ. ಸಂಖ್ಯೆ ಎಷ್ಟೇ ದೊಡ್ಡದಿರಲಿ, ವರ್ಗಮೂಲದವರೆಗೆ ಒಂದೊಂದರಿಂದ ಭಾಗಿಸುತ್ತ ಹೋಗಬೇಕಿಲ್ಲ. ಆ ದಾರಿ ನನಗೂ ಪೂರ್ತಿ ಅರ್ಥವಾಗಿಲ್ಲ ಅಂತಲೂ ಹೇಳಿದೆ.

"ಶಿಷ್ಯರೂ ಇದ್ರಾ?" ಅಂದಳು. ಬೇರೇನೂ ಕೇಳಲಿಲ್ಲ.

ಚಾರ್ಟ್ ಈಗ ನಮ್ಮ ಗಣಿತ ಕೊಠಡಿಯ ಕಿಟಕಿ ಪಕ್ಕದ ಗೋಡೆಯ ಮೇಲಿದೆ. ಜರಿ ಉದುರಿದೆ. ಮೂಲೆಯಲ್ಲಿ ನನ್ನ ಸಹಿ ಹಾಗೇ ಇದೆ, ಅಳಿಸಲು ನಾನು ಬಿಟ್ಟಿಲ್ಲ. ಏಳನೇ ಸಾಲಿನ ಕೆಳಗೆ ಗೆರೆ ಎಳೆದಿದೆ. 21 ಅಂಕಿಯ ಸಾಲಿನ ಮುಂದೆ ಪೆನ್ಸಿಲಿನಲ್ಲಿ 23 ಅಂತ ಬರೆದಿದ್ದಾಳೆ, ನಾನು ಶೇಷಗಳನ್ನು ಒಂದೊಂದೇ ಮಾಡಿ ನೋಡಿದೆ, ಸರಿಯಾಗಿದೆ. 19, 20ರ ಮುಂದೆ ಇನ್ನೂ ಏನೂ ಬರೆದಿಲ್ಲ.